ಟೈರು ಒತ್ತಿ ಗಾಳಿ ಅಳೆದಂತೆ

ಗ್ಲಾಕೋಮಾ ತಪಾಸಣೆ ಮಾಡಿಸಿಕೊಂಡವರಿಗೆ ಆ ನೀಲಿ ಬೆಳಕು ನೆನಪಿರುತ್ತದೆ. ಅರಿವಳಿಕೆ ಹನಿ ಹಾಕಿ, ಪುಟ್ಟ ತುದಿಯೊಂದನ್ನು ಕಾರ್ನಿಯಾಕ್ಕೆ ತಾಗಿಸಿ, ವೈದ್ಯರು ‘ಹದಿನೆಂಟು’ ಅನ್ನುತ್ತಾರೆ. 18 ಮಿಲಿಮೀಟರ್ ಪಾದರಸದಷ್ಟು ಒತ್ತಡ. ಸಾಮಾನ್ಯ ಮಿತಿಯಾದ 21ರ ಒಳಗಿದೆ, ಸದ್ಯ ನೆಮ್ಮದಿ. ಆದರೆ ಆ ಉಪಕರಣ ಕಣ್ಣಿನೊಳಕ್ಕೆ ಇಳಿದಿಲ್ಲ. ಕಾರ್ನಿಯಾವನ್ನು 3.06 ಮಿ.ಮೀ. ವ್ಯಾಸದಷ್ಟು ಚಪ್ಪಟೆ ಮಾಡಲು ಎಷ್ಟು ಬಲ ಬೇಕೆಂಬುದನ್ನಷ್ಟೇ ಅದು ಅಳೆದಿದೆ. ಸೈಕಲ್ ಟೈರನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿ ನೋಡುತ್ತೇವಲ್ಲ, ಹಾಗೆ. ಟೈರೇ ದಪ್ಪವಾಗಿದ್ದರೆ ಕಡಿಮೆ ಗಾಳಿಯೂ ಗಟ್ಟಿಯೆನಿಸುತ್ತದೆ.

ಉಪಕರಣ ರೂಪಿಸಿದ ಹ್ಯಾನ್ಸ್ ಗೋಲ್ಡ್‌ಮನ್‌ಗೆ ಇದು ಗೊತ್ತಿತ್ತು. ಕಾರ್ನಿಯಾದ ಬಿಗಿತ ತುದಿಯನ್ನು ಹೊರಕ್ಕೆ ದೂಡುತ್ತದೆ, ಕಣ್ಣೀರಿನ ಪದರ ಒಳಕ್ಕೆ ಎಳೆಯುತ್ತದೆ. ಆ ಒಂದು ವ್ಯಾಸದಲ್ಲಿ ಎರಡೂ ಸರಿಹೋಗುತ್ತವೆ ಎಂಬುದು ಅವರ ಲೆಕ್ಕ. ಕಾರ್ನಿಯಾ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿದ್ದರೆ ಮಾತ್ರ ಈ ಲೆಕ್ಕ ಕೂಡುತ್ತದೆಂದು 1957ರಲ್ಲೇ ಅವರು ಒಪ್ಪಿಕೊಂಡಿದ್ದರು. ಸಂಖ್ಯೆ ಊರೂರಿಗೆ ಹೋಯಿತು, ‘ಇದ್ದರೆ’ ಎಂಬ ಮಾತು ಹಿಂದೆ ಉಳಿಯಿತು.

ದಪ್ಪ ಅಳೆದು ತಿದ್ದಿಕೊಂಡರಾಯಿತಲ್ಲ ಎನ್ನಬಹುದು. ಸಾಲದು. ದಪ್ಪ ಬೇರೆ, ಬಿಗಿತ ಬೇರೆ. ಬಿಗಿತಕ್ಕೊಂದು ಅಳತೆ ಎಂದೊಡನೆ ನೆನಪಾಗುವುದು ಥಾಮಸ್ ಯಂಗ್ ಹೆಸರು. ಅವರು ಕಣ್ಣನ್ನೂ ಬಲ್ಲವರು. ಹತ್ತಿರದ ವಸ್ತು ನೋಡುವಾಗ ಬದಲಾಗುವುದು ಕಾರ್ನಿಯಾ ಅಲ್ಲವೆಂದು ತೋರಿಸಲು ತಮ್ಮದೇ ಕಣ್ಣನ್ನು ನೀರಿಗೊಡ್ಡಿ ನೋಡಿ, 1801ರಲ್ಲಿ ಅದನ್ನು ಪ್ರಕಟಿಸಿದವರು. ಉಕ್ಕಿಗೆ ‘ಯಂಗ್ ಗುಣಾಂಕ’ ಎಂದು ಒಂದೇ ಸಂಖ್ಯೆ ಹೇಳಿಬಿಡಬಹುದು. ಕಾರ್ನಿಯಾ ಅದಕ್ಕೆ ಒಗ್ಗುವುದಿಲ್ಲ. ಎಳೆದಷ್ಟೂ ಬಿಗಿಯಾಗುತ್ತದೆ, ಎಳೆದು ಹಿಡಿದರೆ ನಿಧಾನ ಸಡಿಲುತ್ತದೆ. ಅದರ ಕೊಲಾಜೆನ್ ಎಳೆಗಳು ನಡುವಿನಲ್ಲಿ ಹೆಚ್ಚಾಗಿ ಅಡ್ಡ-ಉದ್ದ, ಅಂಚಿನಲ್ಲಿ ಬಳೆಯಂತೆ ಸುತ್ತು. ದಾನದ ಕಣ್ಣಿನಿಂದ ಪಟ್ಟಿ ಕತ್ತರಿಸಿ ಎಳೆದರೆ ಒಂದು ಉತ್ತರ, ಕತ್ತರಿಸದೆ ಹಿಂದಿನಿಂದ ದ್ರವ ತುಂಬಿ ಉಬ್ಬಿಸಿದರೆ ಇನ್ನೊಂದು. ಸಾಲದ್ದಕ್ಕೆ, ನೀರು ಹೊರಹಾಕುವ ಜೀವಕೋಶಗಳು ನಿಂತುಹೋದ ಮೇಲೆ ಅಂಗಾಂಶವೇ ಊದಿಕೊಳ್ಳುತ್ತದೆ. ಪ್ರಕಟವಾದ ಅಂಕಿಗಳ ನಡುವೆ ನೂರಾರು ಪಟ್ಟು ಅಂತರವಿದೆ. ಇದನ್ನು ಬರೀ ಅಳೆದವರ ಅಜಾಗರೂಕತೆ ಎನ್ನಲಾರೆ. ಒಬ್ಬೊಬ್ಬರು ಕೇಳಿದ ಪ್ರಶ್ನೆಯೇ ಬೇರೆ.

ಜೀವಂತ ಕಣ್ಣಿನಲ್ಲಿ ಕಷ್ಟ ಇನ್ನೂ ಆಳದ್ದು. ಗಾಳಿ ಊದಿ, ಕಾರ್ನಿಯಾ ತಗ್ಗುವುದನ್ನು ಸೆಕೆಂಡಿಗೆ 4,000ಕ್ಕೂ ಹೆಚ್ಚು ಚಿತ್ರಗಳಲ್ಲಿ ಹಿಡಿಯುವ ಕ್ಯಾಮೆರಾಗಳು ಬಂದಿವೆ. ಆದರೆ ಆ ತಗ್ಗಿನಲ್ಲಿ ಒತ್ತಡ ಮತ್ತು ಬಿಗಿತ ಎರಡೂ ಬೆರೆತಿವೆ. ಬೇರ್ಪಡಿಸಲು ಕಂಪ್ಯೂಟರ್ ಮಾದರಿ ಬೇಕು. ಮಾದರಿಗೆ ಎಳೆಗಳ ದಿಕ್ಕನ್ನೂ ಕಣ್ಣಿನ ಬಿಳಿಭಾಗದ ಸ್ವಭಾವವನ್ನೂ ನಾವೇ ಉಣಿಸಬೇಕು. ಹೀಗೆ ಉತ್ತರದ ಒಂದು ಪಾಲು ಕಣ್ಣಿನದು, ಇನ್ನೊಂದು ನಮ್ಮದು.

ಹಾಗೆಂದು ಬಿಗಿತವೇ ನಮ್ಮ ಕಲ್ಪನೆ ಎಂದರೆ ನಾನು ಒಪ್ಪುವುದಿಲ್ಲ. ಕೆರಟೋಕೋನಸ್ ಇರುವ ಹುಡುಗನ ಕಾರ್ನಿಯಾ ಸಾಮಾನ್ಯ ಒತ್ತಡಕ್ಕೇ ಶಂಕುವಿನಂತೆ ಮುಂಚಾಚುತ್ತದೆ. ರೈಬೋಫ್ಲೇವಿನ್ ಹನಿ ಹಾಕಿ ನೇರಳಾತೀತ ಬೆಳಕು ಹಾಯಿಸಿದರೆ ಎಳೆಗಳು ಬೆಸೆದುಕೊಂಡು, ಬಹುಪಾಲು ಕಣ್ಣುಗಳಲ್ಲಿ ಚಾಚುವಿಕೆ ನಿಲ್ಲುತ್ತದೆ. ಇಲ್ಲದ ಗುಣವನ್ನು ಹೀಗೆ ಬಲಪಡಿಸಲಾಗದು. ಗುಣ ನಿಜ; ಅದಕ್ಕೆ ಕೊಟ್ಟ ಸಂಖ್ಯೆ ಮಾತ್ರ ಅಳೆದ ಬಗೆಗೆ ಅಂಟಿಕೊಂಡಿದೆ.

ಆದ್ದರಿಂದ ನಾನು ಕೇಳುವುದು ಇಷ್ಟೇ: ಚೀಟಿಯಲ್ಲಿ 18ರ ಪಕ್ಕ ಕಾರ್ನಿಯಾದ ದಪ್ಪ, ಅಳೆದ ಉಪಕರಣ, ಹಿಂದೆ ಆದ ಶಸ್ತ್ರಚಿಕಿತ್ಸೆ, ಇವೂ ಇರಲಿ. ಕನ್ನಡಕ ಬಿಡಲೆಂದು ಹಿಂದೆಂದೋ ಲೇಸಿಕ್ ಮಾಡಿಸಿಕೊಂಡು ಕಾರ್ನಿಯಾ ತೆಳುವಾದವರಲ್ಲಿ ಒಳಗಿನ ಒತ್ತಡ ಆ 18ಕ್ಕಿಂತ ಹೆಚ್ಚೇ ಇರಬಹುದು. ಅವರು ಅದನ್ನು ನಂಬಿಕೊಂಡು ಮನೆಗೆ ಹೋಗುತ್ತಿದ್ದಾರೆ.