ವೈಯಾವೃತ್ತ್ಯವೂ ಮೂತ್ರಪಿಂಡದ ವ್ಯಾಧಿಯೂ

ಶ್ರಾವಕರ ಮನೆಗಳಲ್ಲಿ ಸೋಸದ ನೀರನ್ನು ಬಳಸುವ ವಾಡಿಕೆಯಿಲ್ಲ. ದಪ್ಪ ಬಟ್ಟೆಯನ್ನು ಇಮ್ಮಡಿಸಿ ಕೊಡದ ಬಾಯಿಗೆ ಹಿಡಿದು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ತಂದ ಬಾವಿಗೇ ಮರಳಿ ಬಿಡುವುದು ಗೃಹಿಣಿಯ ನಿತ್ಯಕರ್ಮವಾಗಿದೆ. ದೇಹದೊಳಗೆ ಇದೇ ಬಗೆಯ ಕಾರ್ಯವನ್ನು ಎರಡು ಮೂತ್ರಪಿಂಡಗಳು ಹಗಲಿರುಳು ನಡೆಸುತ್ತವೆ. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮನಾಳಗಳಿದ್ದು, ದಿನವೊಂದಕ್ಕೆ ಸುಮಾರು ೧೮೦ ಲೀಟರು ದ್ರವವು ರಕ್ತದಿಂದ ಸೋಸಲ್ಪಡುತ್ತದೆ. ಅದರ ಬಹುಪಾಲು ಮರಳಿ ರಕ್ತಕ್ಕೇ ಸೇರಿ, ಒಂದೂವರೆ ಎರಡು ಲೀಟರು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ಈ ಸೋಸುಗೆಗೆ ಧಕ್ಕೆಯೊದಗಿದಾಗ ವ್ರತನಿಷ್ಠನಾದ ಗೃಹಸ್ಥನು ಹೇಗೆ ನಡೆಯಬೇಕು, ಅವನನ್ನು ಉಪಚರಿಸುವವರು ಯಾವ ಮಾತನ್ನು ಆಡಬೇಕು ಎಂಬುದು ವೈದ್ಯರ ಪ್ರಶ್ನೆ ಮಾತ್ರವಲ್ಲ, ಧರ್ಮದ ಪ್ರಶ್ನೆಯೂ ಹೌದು.

ಈ ವ್ಯಾಧಿಯಲ್ಲಿ ಎರಡು ಬಗೆಗಳಿವೆ. ಅವುಗಳ ಭೇದವನ್ನರಿಯದೆ ಮುಂದಿನ ವಿಚಾರ ಸಾಗದು. ಮೊದಲನೆಯದು ತೀವ್ರಘಾತ. ಇದು ಗಂಟೆಗಳಲ್ಲಿ, ದಿನಗಳಲ್ಲಿ ಬಂದೆರಗುತ್ತದೆ. ವಾಂತಿ ಭೇದಿಗಳಿಂದ ನೀರು ಬತ್ತುವುದು, ರಕ್ತಸ್ರಾವ, ನಂಜು, ಕೆಲವು ನೋವಿನ ಗುಳಿಗೆಗಳು, ವೃದ್ಧರಲ್ಲಿ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರದ ದಾರಿ ಕಟ್ಟುವುದು, ಇವೇ ಮುಖ್ಯ ಕಾರಣಗಳು. ೪೮ ಗಂಟೆಗಳೊಳಗೆ ರಕ್ತದ ಕ್ರಿಯಾಟಿನಿನ್ ಡೆಸಿಲೀಟರಿಗೆ ೦.೩ ಮಿಲಿಗ್ರಾಂ ಏರಿದರೆ, ಅಥವಾ ೬೦ ಕಿಲೋ ತೂಕದವನಿಗೆ ಆರು ಗಂಟೆಗಳಲ್ಲಿ ೧೮೦ ಮಿಲಿಲೀಟರಿಗಿಂತ ಕಡಿಮೆ ಮೂತ್ರವಾದರೆ ವೈದ್ಯರು ಇದನ್ನು ಶಂಕಿಸುತ್ತಾರೆ. ಕಾರಣವನ್ನು ಬೇಗ ನೀಗಿಸಿದರೆ ಮೂತ್ರಪಿಂಡವು ಅನೇಕ ವೇಳೆ ಚೇತರಿಸಿಕೊಳ್ಳುತ್ತದೆ. ಎರಡನೆಯದು ದೀರ್ಘವ್ಯಾಧಿ. ಮೂರು ತಿಂಗಳಿಗೂ ಮೀರಿ ಉಳಿದ ಕೆಡಕಿಗೆ ಈ ಹೆಸರು. ಮಧುಮೇಹ, ರಕ್ತದೊತ್ತಡಗಳು ಇದರ ಪ್ರಧಾನ ಬೇರುಗಳು. ಅದು ಸದ್ದಿಲ್ಲದೆ ಬೆಳೆಯುತ್ತದೆ. ಕಳೆದುಹೋದದ್ದು ಸಾಮಾನ್ಯವಾಗಿ ಮರಳಿ ಬಾರದು.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ನಿರ್ಜಲ ಉಪವಾಸವನ್ನು ಸಂಕಲ್ಪಿಸಿದರೆಂದು ಭಾವಿಸೋಣ. ಅವರಿಗೆ ಮಧುಮೇಹವಿದೆ, ಒತ್ತಡದ ಗುಳಿಗೆಯಿದೆ, ಮೊಣಕಾಲು ನೋವಿಗೆ ಅಂಗಡಿಯಿಂದ ತಂದ ಗುಳಿಗೆಯೂ ಇದೆ. ಆರೋಗ್ಯವಂತನ ಮೂತ್ರಪಿಂಡವು ನೀರಿಲ್ಲದ ದಿನ ಮೂತ್ರವನ್ನು ಗಟ್ಟಿಗೊಳಿಸಿ ನೀರನ್ನು ಉಳಿಸಿಕೊಳ್ಳಬಲ್ಲದು. ಈ ಹಿರಿಯರದಕ್ಕೆ ಆ ಶಕ್ತಿ ಕುಂದಿರುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಆಚಾರ್ಯರು 'ಶಕ್ತಿಯಂತೆ' ಎಂಬ ಮಾತನ್ನು ಸೇರಿಸಿದ್ದಾರೆ. ಆ ಮಾತನ್ನು ಸೋಮಾರಿಗಳ ಆಶ್ರಯವೆಂದು ಹಳಿಯುವವರುಂಟು. ವಾಸ್ತವವಾಗಿ ಅದು ತನ್ನ ಶಕ್ತಿಯನ್ನು ಸುಳ್ಳಿಲ್ಲದೆ ಅಳೆದುಕೊಳ್ಳಬೇಕೆಂಬ ಕಠಿಣ ಆಜ್ಞೆ. ಸಂಕಲ್ಪಕ್ಕೆ ಮೊದಲೇ ವೈದ್ಯರನ್ನು ಕೇಳಿ, ಏಕಾಶನವನ್ನೋ ರಸಪರಿತ್ಯಾಗವನ್ನೋ ಆರಿಸಿಕೊಂಡ ಹಿರಿಯರು ತಪಸ್ಸಿನಿಂದ ಹೊರಗುಳಿದವರಲ್ಲ. ಅವೆರಡೂ ಬಾಹ್ಯತಪದಲ್ಲಿಯೇ ಗಣಿಸಲ್ಪಟ್ಟಿವೆ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಅನಶನವನ್ನು ಬಾಹ್ಯತಪದಲ್ಲಿ ಇರಿಸಿದೆ, ವೈಯಾವೃತ್ತ್ಯವನ್ನು ಅಂತರಂಗತಪದಲ್ಲಿ. ಉಪವಾಸಿಯ ಮೆರವಣಿಗೆಗೆ ಸೇರುವ ಜನ ರೋಗಿಯ ಮೂತ್ರವನ್ನು ಅಳೆಯುವ ಸೊಸೆಯನ್ನು ಗಮನಿಸುವುದಿಲ್ಲ. ಆಕೆಯ ಕೆಲಸವೇನು? ಕುಡಿದದ್ದನ್ನೂ ಹೊರಹೋದದ್ದನ್ನೂ ಬರೆದಿಡುವುದು. ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿನಲ್ಲಿ ತೂಕ ನೋಡುವುದು. ರಾತ್ರಿಬೆಳಗಾಗುವುದರೊಳಗೆ ಒಂದು ಕಿಲೋ ಏರಿದರೆ ಅದು ಮಾಂಸವಲ್ಲ, ಒಂದು ಲೀಟರು ನೀರು. ಪಾದದ ಬಾವು, ಮಲಗಿದಾಗ ಏರುವ ಉಸಿರು, ಇವುಗಳನ್ನು ಮೊದಲು ಕಾಣುವವಳು ಆಕೆಯೇ. ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿದ ತೋಳಿನಲ್ಲಿ ಒತ್ತಡ ನೋಡಕೂಡದು, ಸೂಜಿ ಚುಚ್ಚಿ ರಕ್ತ ತೆಗೆಯಕೂಡದು ಎಂಬುದನ್ನು ಹೊಸ ದಾದಿಗೆ ನೆನಪಿಸಬೇಕಾದವಳೂ ಆಕೆಯೇ.

ಆಹಾರದ ವಿಷಯದಲ್ಲಿ ಆಲೂಗಡ್ಡೆಯ ಪೊಟಾಸಿಯಂ ತೆಗೆಯುವ ಉಪಾಯವನ್ನು ಆಸ್ಪತ್ರೆಗಳಲ್ಲಿ ವಿಸ್ತಾರವಾಗಿ ಹೇಳಿಕೊಡುತ್ತಾರೆ. ಕಂದಮೂಲವನ್ನು ಬಿಟ್ಟ ಮನೆಗಳಿಗೆ ಆ ಪಾಠ ಬೇಕಿಲ್ಲ. ಆದರೆ ಪಾರಣೆಗೆ ಶ್ರೇಷ್ಠವೆಂದು ಕೊಡುವ ಎಳನೀರು, ಬಾಳೆಹಣ್ಣುಗಳಲ್ಲಿ ಅದೇ ಪೊಟಾಸಿಯಂ ಹೇರಳವಾಗಿದೆ. ಕೆಟ್ಟ ಮೂತ್ರಪಿಂಡವು ಅದನ್ನು ಹೊರಹಾಕಲಾರದೆ ಹೃದಯದ ಬಡಿತವೇ ತಪ್ಪಬಹುದು. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿಯೂ ಬಹಳವಾಗಿ ಪೊಟಾಸಿಯಂ ಇರುತ್ತದೆ. ರಾತ್ರಿಭೋಜನ ತ್ಯಾಗಿಗಳು ಊಟದೊಡನೆ ನುಂಗಬೇಕಾದ ಗುಳಿಗೆಗಳನ್ನು ಹಗಲಿಗೆ ಹೊಂದಿಸಿಕೊಡಿರೆಂದು ಕೇಳಲು ಸಂಕೋಚಪಡಬಾರದು. ಬಾಯಿಬಿಟ್ಟು ಕೇಳದೆ ಗುಳಿಗೆಯನ್ನೇ ಬಿಡುವುದು ವ್ರತಪಾಲನೆಯಲ್ಲ. ಇನ್ನು ಡಯಾಲಿಸಿಸ್ ಮೇಲಿರುವ, ಮೂತ್ರ ಬತ್ತಿದ ರೋಗಿಗೆ ನೀರನ್ನು ಅಳೆದು ಕೊಡುತ್ತಾರೆ. ಬಾಯಾರಿಕೆ ಇಪ್ಪತ್ತೆರಡು ಪರೀಷಹಗಳಲ್ಲೊಂದು. ವರ್ಷಗಟ್ಟಲೆ ಪ್ರತಿದಿನ ಅದನ್ನು ಸಮಭಾವದಿಂದ ಸಹಿಸುವ ಆ ರೋಗಿಗೆ ಯಾರೂ ಹಾರ ಹಾಕುವುದಿಲ್ಲ.

ಕಠಿಣವಾದ ಪ್ರಶ್ನೆ ಸಲ್ಲೇಖನೆಯದು. ೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಅದನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿದಾಗ ಸಮಾಜ ನೊಂದಿತು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ನ್ಯಾಯಾಲಯದ ಮಾತು ಹಾಗಿರಲಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರತೀಕಾರವಿಲ್ಲದ ರೋಗವನ್ನು ಸಲ್ಲೇಖನೆಯ ಸಂದರ್ಭಗಳಲ್ಲೊಂದಾಗಿ ಹೇಳುತ್ತಾರೆ. ಆ ಆಚಾರ್ಯರೇ ಭಸ್ಮಕವ್ಯಾಧಿಯಿಂದ ಬಳಲಿ ಸಲ್ಲೇಖನೆಯನ್ನು ಬೇಡಿದಾಗ ಗುರುಗಳು ಒಪ್ಪದೆ, ವ್ಯಾಧಿಯನ್ನು ಶಮನಗೊಳಿಸಿ ಮರಳಿ ದೀಕ್ಷೆ ಪಡೆಯುವಂತೆ ಹೇಳಿದರೆಂಬ ಕಥೆ ಪರಂಪರೆಯಲ್ಲಿದೆ. ಈ ಕಥೆಯ ಬೆಳಕಿನಲ್ಲಿ ತೀವ್ರಘಾತಕ್ಕೊಳಗಾದವನ ಸ್ಥಿತಿ ಸ್ಪಷ್ಟವಾಗುತ್ತದೆ: ಅವನ ರೋಗಕ್ಕೆ ಪ್ರತೀಕಾರವಿದೆ, ಕೆಲವು ದಿನಗಳ ಡಯಾಲಿಸಿಸ್ ಬೇಕಾದರೂ ಅದು ದಾಟಿಸುವ ದೋಣಿ. ಅಲ್ಲಿ ಆಹಾರತ್ಯಾಗಕ್ಕೆ ಎಡೆಯಿಲ್ಲ.

ದೀರ್ಘವ್ಯಾಧಿಯ ಕೊನೆಯ ಹಂತ ಹಾಗಲ್ಲ. ವಾರಕ್ಕೆ ಮೂರು ಬಾರಿ, ನಾಲ್ಕು ಗಂಟೆಗಳಂತೆ ಯಂತ್ರಕ್ಕೆ ಒಡ್ಡಿಕೊಳ್ಳುವುದು ಅನೇಕರಿಗೆ ವರ್ಷಗಳ ಸ್ವಾಧ್ಯಾಯವನ್ನೂ ಸಂಸಾರದ ಹೊಣೆಯನ್ನೂ ಉಳಿಸಿಕೊಟ್ಟಿದೆ. ಅಂಥವರಿಗೆ ಅದು ಪ್ರತೀಕಾರವೇ ಸರಿ. ಜರ್ಜರಿತ ದೇಹದ ಅತಿವೃದ್ಧರಿಗೆ ಅದೇ ಕೇವಲ ನೋವಿನ ಮುಂದುವರಿಕೆಯಾಗಬಹುದು. ಬೇಡವೆನ್ನುವ ಅಧಿಕಾರ ರೋಗಿಯದು, ಖರ್ಚಿನ ಲೆಕ್ಕ ಹಾಕುವ ಮಕ್ಕಳದಲ್ಲ. ಇಲ್ಲಿ ಮನೆಯವರು ಮರೆಯಬಾರದ ಸಂಗತಿಯೊಂದಿದೆ. ಮೂತ್ರದ ವಿಷವು ರಕ್ತದಲ್ಲಿ ನಿಂತಾಗ ಬುದ್ಧಿ ಮಸುಕಾಗುತ್ತದೆ, ಜೋಂಪು ಕವಿಯುತ್ತದೆ. ಆ ಜೋಂಪನ್ನು ಕಂಡು ಧ್ಯಾನಸ್ಥರಾದರೆಂದು ಕೈಮುಗಿಯುವುದು ಅಜ್ಞಾನ. ಆಗ ತಲೆಯಾಡಿಸಿದ್ದನ್ನು ಸಮ್ಮತಿಯೆಂದು ತಿಳಿಯುವುದು ಅದಕ್ಕಿಂತ ದೊಡ್ಡ ದೋಷ. ಸಲ್ಲೇಖನೆಗೆ ಎಚ್ಚರದ ಚಿತ್ತ ಬೇಕು. ಆದ್ದರಿಂದ ತಿಳಿವು ನಿರ್ಮಲವಾಗಿರುವಾಗಲೇ ರೋಗಿಯು ವೈದ್ಯರೊಡನೆ, ಮನೆಯವರೊಡನೆ, ಗುರುಗಳೊಡನೆ ಮಾತಾಡಿ ತನ್ನ ಇಚ್ಛೆಯನ್ನು ತಿಳಿಸಿರಬೇಕು.

ಡಯಾಲಿಸಿಸ್ ನಿಲ್ಲಿಸಿದ ಬಳಿಕ ಜೀವವು ಹೆಚ್ಚಾಗಿ ಒಂದೆರಡು ವಾರ ಉಳಿಯುತ್ತದೆ. ಮೂತ್ರ ಸ್ವಲ್ಪ ಉಳಿದಿದ್ದವರಲ್ಲಿ ಇನ್ನೂ ಹೆಚ್ಚು. ಆ ದಿನಗಳಲ್ಲಿ ಉಪಚಾರ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಉಸಿರು ಕಟ್ಟದಂತೆ ತಲೆದಿಂಬನ್ನು ಎತ್ತರಿಸಬೇಕು, ಹುಣ್ಣಾಗದಂತೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ತುರಿಕೆಯ ಚರ್ಮಕ್ಕೆ ಎಣ್ಣೆ ಸವರಬೇಕು, ನೋವಿಗೆ ವೈದ್ಯರು ಹೇಳಿದ ಔಷಧಿಯನ್ನು ರೋಗಿಯು ಒಪ್ಪಿದಷ್ಟು ಕೊಡಬೇಕು. ಕಿವಿಯ ಬಳಿ ಪಂಚನಮಸ್ಕಾರವನ್ನು ಮೆಲ್ಲನೆ ಹೇಳುವವರೊಬ್ಬರು ರಾತ್ರಿಯೂ ಎಚ್ಚರವಿರಬೇಕು.