ಕಾರಣನ ಕಣ್ಣು, ಕ್ಯಾಮೆರಾದ ಕಣ್ಣು

ಕೊಡವರ ಒಕ್ಕ, ಅಂದರೆ ಒಬ್ಬ ಮೂಲಪುರುಷನಿಂದ ಬೆಳೆದ ಕುಲ, ಐನ್‌ಮನೆಯೆಂಬ ಪೂರ್ವಿಕರ ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪವಿಟ್ಟು, ಕೈಮಡವೆಂಬ ಚಿಕ್ಕ ಗುಡಿಯಲ್ಲಿ ಗುರುಕಾರಣನನ್ನು, ಎಂದರೆ ದೈವವಾಗಿ ಪೂಜೆಗೊಳ್ಳುವ ಆ ಹಿರಿಯನನ್ನು, ಸ್ಮರಿಸುತ್ತದೆ. ಕಣದಲ್ಲಿ ಒಣಗಲು ಹರಡಿದ ಕಾಫಿ, ಕರಿಮೆಣಸು ಕಳುವಾಗುವ ಭಯಕ್ಕೋ, ಮಕ್ಕಳು ಬೆಂಗಳೂರು ಸೇರಿ ವೃದ್ಧರಷ್ಟೇ ಉಳಿದಿರುವುದಕ್ಕೋ, ಅಂಥ ಮನೆಯ ಜಗಲಿಗೂ ಸಿಸಿಟಿವಿ ಕ್ಯಾಮೆರಾ ಬಂದಾಗ, ಮನೆಯನ್ನು ಕಾಯುವ ಕಾರಣನ ನೋಟಕ್ಕೂ ಕ್ಯಾಮೆರಾದ ನೋಟಕ್ಕೂ ಭೇದವೇನೆಂಬ ಪ್ರಶ್ನೆ ಏಳುತ್ತದೆ.

ಅದ್ವೈತ ವೇದಾಂತವು ಸಾಕ್ಷಿ ಎನ್ನುವುದು ಕಂಡದ್ದರಲ್ಲಿ ಭಾಗಿಯಾಗದ ಅರಿವನ್ನು. ಕ್ಯಾಮೆರಾ ನಿರ್ಲಿಪ್ತವಾದರೂ ಅದಕ್ಕೆ ಅರಿವಿಲ್ಲ, ಅದರ ಚಿತ್ರವನ್ನು ಮೊಬೈಲಿನಲ್ಲಿ ನೋಡುವ ಯಜಮಾನನಿಗೆ ಅರಿವಿದ್ದರೂ ನಿರ್ಲಿಪ್ತತೆಯಿಲ್ಲ. ಕಾರಣನಾದರೋ ಸಾಕ್ಷಿಯೇ ಅಲ್ಲ, ಬಂಧು: ‘ಕಾರಣಂಗ್ ಕೊಡ್ಪ’ ಎಂಬ ಆಚರಣೆಯಲ್ಲಿ ಎಡೆ ಪಡೆಯುವ ಅವನ ನೋಟದಲ್ಲಿ ನೋಡುವವನಿಗೂ ನೋಡಿಸಿಕೊಳ್ಳುವವನಿಗೂ ಪರಸ್ಪರ ಋಣವಿದೆ. ಕೂಲಿಕಾರರು ವಾಸಿಸುವ ಲೈನ್‌ಮನೆಯತ್ತ ತಿರುಗಿಸಿದ ಕ್ಯಾಮೆರಾಕ್ಕೆ ಆ ಋಣವಿಲ್ಲ. ಕಳವಿನ ನೆಪ ಅಲ್ಲಿ ಬಲು ಸುಲಭವಾಗಿ ಒದಗುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಮೂಲಭೂತ ಹಕ್ಕೆಂದು ಎತ್ತಿಹಿಡಿದ ಖಾಸಗಿತನ, ಐನ್‌ಮನೆಯ ಒಡೆಯನಿಗಿರುವಂತೆಯೇ ಲೈನ್‌ಮನೆಯವನಿಗೂ ಉಂಟು.