ಎಲ್ಲರೂ ಒಟ್ಟಿಗೇ ಹೋಗಬೇಕೇ?



ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಕೂಡಿ ಪ್ರವಾಸ ಹೊರಟಿದ್ದೀರಿ ಎಂದುಕೊಳ್ಳಿ. ತ್ಯಾವಣಿಗೆಯವರಿಗೆ ಸೂಳೆಕೆರೆಯ ಏರಿಯ ಮೇಲೆ ನಿಂತು ನೀರು ನೋಡುವುದು ಹೊಸದೇನಲ್ಲ. ಈ ಸಲ ದೂರ ಹೋಗಿ, ಯಾವುದೋ ಹಿನ್ನೀರಿನ ದಡದಲ್ಲಿ ಇಳಿದಿದ್ದೀರಿ. ಅಜ್ಜಿ, ಸೊಸೆಯಂದಿರು, ಮೊಮ್ಮಕ್ಕಳು ಸೇರಿ ಹದಿನಾಲ್ಕು ಜನ. ಎದುರಿಗೆ ಎರಡು ದೋಣಿಗಳು.

ಒಂದು, ಉದ್ದನೆಯ ಎರಡು ಟೊಳ್ಳು ಕೊಳವೆಗಳ ಮೇಲೆ ಹಲಗೆ ಹಾಸಿ, ಸುತ್ತ ಕಂಬಿ ಹಾಕಿದ ಚಪ್ಪಟೆ ದೋಣಿ. ಪಾಂಟೂನ್ ಎನ್ನುತ್ತಾರೆ. ಹತ್ತು ಜನರಿಗೆ ಮಾತ್ರ ಜಾಗ. ಲೈಫ್ ಜಾಕೆಟ್ ತೊಡದವರನ್ನು ಹತ್ತಿಸುವುದಿಲ್ಲ. ಇನ್ನೊಂದೂ ಅದೇ ಬಗೆಯದು, ಆದರೆ ಮೇಲೊಂದು ಅಟ್ಟವಿದೆ, ಬಣ್ಣದ ದೀಪವಿದೆ, ಹಾಡಿದೆ. ಬಾಡಿಗೆಯೂ ಕಡಿಮೆ. "ಎಲ್ಲರೂ ಒಟ್ಟಿಗೇ ಬನ್ನಿ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡರಾಯಿತು" ಎನ್ನುತ್ತಾನೆ ದೋಣಿಯವನು.

ನೀವು ಯಾವುದನ್ನು ಹತ್ತುವಿರಿ?

ಅನಾಹುತವಾದಾಗ ನಾವು ದೋಣಿಯವನ ದುರಾಸೆಯನ್ನು ದೂರುತ್ತೇವೆ. ಅದು ನ್ಯಾಯವೇ. ಆದರೆ ದೋಣಿ ತುಂಬಿ ತುಳುಕುವುದು ಅವನ ದುರಾಸೆಯಿಂದ ಮಾತ್ರವಲ್ಲ, ನಮ್ಮ ಪ್ರೀತಿಯಿಂದಲೂ. ಅಜ್ಜಿಯನ್ನು ದಡದಲ್ಲಿ ಬಿಟ್ಟು ಹೋಗುವುದು ಹೇಗೆ? ಅಣ್ಣನ ಮಕ್ಕಳು ಮುನಿಸಿಕೊಂಡರೆ? 2023ರ ಮೇ 7ರ ಭಾನುವಾರ ಸಂಜೆ ಕೇರಳದ ತಾನೂರಿನಲ್ಲಿ ಮಿತಿಮೀರಿ ಜನರನ್ನು ಹೇರಿಕೊಂಡ ಎರಡಂತಸ್ತಿನ ವಿಹಾರದೋಣಿ ಮಗುಚಿ 22 ಮಂದಿ ತೀರಿಕೊಂಡರು. ಅವರಲ್ಲಿ 11 ಮಂದಿ ಒಂದೇ ಕುಟುಂಬದವರು. ರಜೆಯಲ್ಲಿ ಎಲ್ಲರೂ ಒಟ್ಟಿಗೆ ಸೇರಿದ್ದ ಮನೆ ಅದು. ನಮ್ಮ ಕಾರವಾರದಲ್ಲೂ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮುಳುಗಿ 16 ಜೀವಗಳು ಹೋದವು.

ಅಟ್ಟದ ವಿಷಯವನ್ನೂ ಸ್ವಲ್ಪ ಯೋಚಿಸಿ. ಕೆಳಗೆ ಕುಳಿತವರ ಭಾರ ದೋಣಿಯನ್ನು ನೀರಿಗೆ ಒತ್ತಿ ಹಿಡಿಯುತ್ತದೆ. ಮೇಲೆ ನಿಂತವರ ಭಾರವಾದರೋ, ದೋಣಿ ಕೊಂಚ ವಾಲಿದರೆ ಸಾಕು, ಅದನ್ನು ಆ ಕಡೆಗೇ ಎಳೆಯುತ್ತದೆ. "ಅಗೋ ಆನೆ!" ಎಂದು ಒಬ್ಬರು ಕೂಗಿದರೆ ಎಲ್ಲರೂ ಅತ್ತಲೇ ಓಡುತ್ತೇವಲ್ಲವೇ? ಹಿಂದೆ ಹರಿಗೋಲಿನಲ್ಲಿ ಯಾರಾದರೂ ಎದ್ದು ನಿಂತರೆ ಅಂಬಿಗ ಮುಲಾಜಿಲ್ಲದೆ ಗದರುತ್ತಿದ್ದ. ಇಂದು ಗಿರಾಕಿಯನ್ನು ಗದರುವ ಧೈರ್ಯ ಯಾರಿಗಿದೆ?

"ನನಗೆ ಈಜು ಬರುತ್ತದೆ, ನಾಲೆಯಲ್ಲೇ ಕಲಿತವನು" ಎಂದು ಮನೆಯ ಯಜಮಾನರು ಹೇಳಬಹುದು. ಸ್ವಾಮಿ, ನಿಮ್ಮ ಜೀವದ ಬಗ್ಗೆ ನೀವು ಧೈರ್ಯ ಮಾಡಬಹುದು. ಆದರೆ ಮೂರು ವರ್ಷದ ಮೊಮ್ಮಗಳ ಪರವಾಗಿ ಧೈರ್ಯ ಮಾಡುವ ಹಕ್ಕನ್ನು ನಿಮಗೆ ಯಾರು ಕೊಟ್ಟರು? ಅವಳು ದೋಣಿಯನ್ನು ಆರಿಸಲಿಲ್ಲ, ನಿಮ್ಮ ಕೈ ಹಿಡಿದು ಬಂದಳು, ಅಷ್ಟೇ. ಇನ್ನು ಅಜ್ಜಿ. ನೀರು ಕಂಡು ಅವರ ಎದೆ ಹೊಡೆದುಕೊಳ್ಳುತ್ತಿದೆ. ಮಕ್ಕಳ ಸಂತೋಷ ಕೆಡಬಾರದೆಂದು ಸುಮ್ಮನಿದ್ದಾರೆ. ಆ ಮೌನವನ್ನು ನಾವು ಒಪ್ಪಿಗೆ ಎಂದುಕೊಳ್ಳುತ್ತೇವೆ. ಹಣೆಬರಹ ಎನ್ನುವವರೂ ಇದ್ದಾರೆ. ಆದರೆ ತಲೆ ಎಣಿಸುವುದು ನಮ್ಮ ಕೈಯಲ್ಲೇ ಇತ್ತಲ್ಲ?

ಹತ್ತು ಜನರ ದೋಣಿಯನ್ನು ಆರಿಸಿದರೆ ಎರಡು ಸಲ ಬಾಡಿಗೆ ಕೊಡಬೇಕು. ಮೊದಲು ಯಾರು ಹೋಗಬೇಕೆಂದು ಮಕ್ಕಳು ಜಗಳವಾಡುತ್ತಾರೆ. ಜಾಕೆಟ್ಟಿನ ಬೆವರುವಾಸನೆಗೆ ಸೊಸೆ ಮೂಗು ಮುರಿಯುತ್ತಾಳೆ. ಎರಡನೆಯ ತಂಡ ಅಜ್ಜಿಯೊಡನೆ ಮರದ ನೆರಳಲ್ಲಿ ಕಡಲೆಕಾಯಿ ಸುಲಿಯುತ್ತ ಕಾಯಬೇಕು. ಎಲ್ಲರೂ ಇರುವ ಫೋಟೊ ಬೇಕಿದ್ದರೆ, ದೋಣಿ ಮರಳಿದ ಮೇಲೆ ದಡದಲ್ಲೇ ಸಾಲಾಗಿ ನಿಂತು ತೆಗೆಸಿಕೊಳ್ಳಿ.